ಎಪ್ಪತ್ತು ಸಾವಿರ ಸಹಿಗಳ ಕರೆಯೋಲೆ

ಶುಭಕಾರ್ಯವೊಂದು ನಿಶ್ಚಯವಾದರೆ ಕರೆಯೋಲೆ ಹೊರಡುವುದೂ, ಬರಲಾಗದವರು ತಮ್ಮ ಹಾರೈಕೆಯನ್ನು ಬರೆದು ಕಳುಹಿಸುವುದೂ ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಮರ್ಯಾದೆ. ಶಾಲೆಯ ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯರು ಅಂತಹ ಪತ್ರಗಳನ್ನು ಓದಿ ಹೇಳುವುದನ್ನು ನಮ್ಮ ವಿದ್ಯಾರ್ಥಿಗಳೆಲ್ಲರೂ ಕೇಳಿರುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಹೊಸ ವಿಶ್ವವಿದ್ಯಾನಿಲಯಗಳು ತಲೆಯೆತ್ತಿದಾಗಲೂ ಹಲವು ದೇಶಗಳಲ್ಲಿ ಇಂತಹ ಉತ್ಸವಗಳು ನಡೆದವು. ಆಸ್ಟ್ರೇಲಿಯದ ಸಿಡ್ನಿಯಲ್ಲಿ 1852ರ ಅಕ್ಟೋಬರ್ 11ರಂದು, ಅಮೆರಿಕದ ಕಾರ್ನೆಲ್‌ನಲ್ಲಿ 1868ರ ಅಕ್ಟೋಬರ್ 7ರಂದು ಸಭೆ ಸೇರಿ, ಭಾಷಣಗಳಾಗಿ, ವಿಶ್ವವಿದ್ಯಾನಿಲಯಗಳು ವಿಧಿವತ್ತಾಗಿ ಆರಂಭವಾದವು. ಹಾಗಾದರೆ ಪಾಲಮಲೆಯ ತಪ್ಪಲಿನವರಾದ ನಮ್ಮ ಹಿರಿಯರ ಪಾಲಿಗೆ ಬಂದ ಮದರಾಸು ವಿಶ್ವವಿದ್ಯಾನಿಲಯ ಹುಟ್ಟಿದಾಗ ಯಾರು ಯಾರನ್ನು ಕರೆದರು? ಕರೆಗೆ ಉತ್ತರ ಕೊಟ್ಟವರು ಯಾರು?

ಇಲ್ಲಿ ಕ್ರಮವೇ ತಲೆಕೆಳಗಾಗಿದೆ. ಕರೆಯೋಲೆ ಬರೆದವರು ಪ್ರಜೆಗಳು. ಉತ್ತರ ಕೊಡಬೇಕಾಗಿದ್ದವರು ಆಳುವವರು. ಆ ಉತ್ತರ ಬರಲು ಹದಿನೆಂಟು ವರ್ಷ ಹಿಡಿಯಿತು.

1839ರ ನವೆಂಬರ್ 11ರಂದು ಮದರಾಸಿನ ಗೌರ್ನರ್ ಎಲ್ಫಿನ್‌ಸ್ಟನ್ ಪ್ರಭುವಿಗೆ ಒಂದು ಮನವಿಪತ್ರ ಒಪ್ಪಿಸಲ್ಪಟ್ಟಿತು. ಒಪ್ಪಿಸಿದವರು ಸರ್ಕಾರದ ಅಡ್ವೊಕೇಟ್ ಜನರಲ್ ಆಗಿದ್ದ ಜಾರ್ಜ್ ನಾರ್ಟನ್. ಅದರ ಕೆಳಗೆ ಎಪ್ಪತ್ತು ಸಾವಿರ ಜನರ ಸಹಿಗಳಿದ್ದವು! ಅಂದು ರೈಲಿಲ್ಲ, ತಂತಿಯಿಲ್ಲ, ಅಂಚೆಚೀಟಿಯೂ ಇರಲಿಲ್ಲ. ಹಾಳೆಗೆ ಐವತ್ತು ಹೆಸರಿನಂತೆ ಲೆಕ್ಕ ಹಾಕಿದರೂ ಸಾವಿರದ ನಾನೂರು ಹಾಳೆಗಳಾಗುತ್ತವೆ. ಈ ಪತ್ರಿಕೆಯ ಪುಟಗಳನ್ನು ಒಂದೊಂದಾಗಿ ಜೋಡಿಸಿ ಹೊಲಿಯುವ ನಮ್ಮ ಗೆಳೆಯರಿಗೆ ಆ ಕಟ್ಟಿನ ಭಾರ ಎಷ್ಟಿದ್ದೀತೆಂದು ಬೇರೆ ಹೇಳಬೇಕಾಗಿಲ್ಲ. ಮದರಾಸು ನಗರದಲ್ಲಿ ಒಂದು ಇಂಗ್ಲಿಷ್ ಕಾಲೇಜು ಬೇಕೆಂಬುದು ಅವರ ಕೋರಿಕೆ. ತಮಿಳನ್ನಾಗಲಿ ತೆಲುಗನ್ನಾಗಲಿ ಕನ್ನಡವನ್ನಾಗಲಿ ಉಚ್ಚ ಶಿಕ್ಷಣದ ಭಾಷೆಯನ್ನಾಗಿ ಮಾಡಿರೆಂದು ಅವರು ಕೇಳಲಿಲ್ಲ. ಇದನ್ನು ಮರೆಮಾಚಿ ಎಲ್ಲ ದೋಷವನ್ನೂ ಆಳುವವರ ಮೇಲೆ ಹೊರಿಸುವುದು ಇತಿಹಾಸಕ್ಕೆ ನ್ಯಾಯವಾಗಲಾರದು.

ಗೌರ್ನರರು ಮನವಿಯನ್ನು ತಳ್ಳಿಹಾಕಲಿಲ್ಲ. ಒಂದು ಕೇಂದ್ರ ವಿದ್ಯಾಸಂಸ್ಥೆ, ಅಂದರೆ ‘ವಿಶ್ವವಿದ್ಯಾನಿಲಯ’ವೊಂದು ಅಗತ್ಯವೆಂದು ನಿರ್ಣಯವಾಯಿತು. 1840ರ ಜನವರಿಯಲ್ಲಿ ನಾರ್ಟನ್ನರ ಅಧ್ಯಕ್ಷತೆಯಲ್ಲಿ ಒಂದು ಮಂಡಲಿಯೂ ಏರ್ಪಟ್ಟಿತು. ಪ್ರೌಢಶಾಲೆಯೊಂದು, ಅದರ ಮೇಲೆ ಕಾಲೇಜೊಂದು ಎಂದು ಎರಡು ಅಂತಸ್ತುಗಳ ಯೋಜನೆ. ಕೆಳಗಿನ ಅಂತಸ್ತು ಬೇಗನೆ ಎದ್ದಿತು. ಮುಂದೆ ಪ್ರೆಸಿಡೆನ್ಸಿ ಕಾಲೇಜೆಂದು ಹೆಸರಾದ ಸಂಸ್ಥೆಯ ಬೇರು ಅದೇ. ಆದರೆ ಪದವಿ ಕೊಡುವ ವಿಶ್ವವಿದ್ಯಾನಿಲಯ ಮಾತ್ರ ಕಾಗದದಲ್ಲಿಯೇ ಉಳಿಯಿತು.

ಕಲ್ಕತ್ತೆಯ ವಿದ್ಯಾಮಂಡಲಿ ತನಗೊಂದು ವಿಶ್ವವಿದ್ಯಾನಿಲಯ ಬೇಕೆಂದು ಯೋಜನೆ ಕಳುಹಿಸಿದ್ದು 1845ರಲ್ಲಿ, ಮದರಾಸಿನ ಮನವಿಯಾದ ಆರು ವರ್ಷಗಳ ಮೇಲೆ. ಹೀಗಿದ್ದರೂ 1854ರ ಜುಲೈ 19ರಂದು ಲಂಡನ್ನಿನಿಂದ ಹೊರಟ ಪ್ರಸಿದ್ಧ ಶಿಕ್ಷಣಪತ್ರದಲ್ಲಿ (ಚಾರ್ಲ್ಸ್ ವುಡ್ಡರ ಹೆಸರಿನಿಂದ ಅದು ಪರಿಚಿತವಾಗಿದೆ) ಕಲ್ಕತ್ತ, ಮುಂಬಯಿಗಳಿಗೆ ವಿಶ್ವವಿದ್ಯಾನಿಲಯಗಳು ನೇರವಾಗಿ ದೊರೆತವು. ಮದರಾಸಿಗೆ ದೊರೆತದ್ದು ಒಂದು ‘ಆದರೆ’. ಸಾಕಷ್ಟು ಸಂಖ್ಯೆಯ ವಿದ್ಯಾಸಂಸ್ಥೆಗಳು ಅಲ್ಲಿರುವುದಾದರೆ ಅಲ್ಲಿಯೂ ಅನುಮತಿ ಕೊಡಲು ಸಿದ್ಧ ಎಂಬುದು ಅದರ ತಾತ್ಪರ್ಯ. ಎಲ್ಲರಿಗಿಂತ ಮೊದಲು ಬಾಗಿಲು ತಟ್ಟಿದವರನ್ನು ಪಂಕ್ತಿಯ ಕೊನೆಯಲ್ಲಿ ಕೂಡಿಸಿದಂತಾಯಿತು. ನಾರ್ಟನ್ನರೂ ಅವರ ಸಂಗಡಿಗರೂ ಇದನ್ನು ಓದಿದಾಗ ಅವರ ಮನಸ್ಸು ಹೇಗಾಗಿದ್ದೀತೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು.

ಕೊನೆಗೂ 1857 ಬಂದಿತು. ಜನವರಿ 24ರಂದು ಕಲ್ಕತ್ತ, ಜುಲೈ 18ರಂದು ಮುಂಬಯಿ, ಸೆಪ್ಟೆಂಬರ್ 5ರಂದು ಮದರಾಸು, ಹೀಗೆ ಮೂರು ವಿಶ್ವವಿದ್ಯಾನಿಲಯಗಳು ಒಂದೇ ವರ್ಷದಲ್ಲಿ ಹುಟ್ಟಿದವು. ಈ ಸೆಪ್ಟೆಂಬರ್ 5 ಎಂಬುದು ಮದರಾಸಿನಲ್ಲಿ ಶಂಕುಸ್ಥಾಪನೆಯಾದ ದಿನವಲ್ಲ. ಸಾವಿರ ಮೈಲಿಗೂ ಮಿಗಿಲಾದ ದೂರದ ಕಲ್ಕತ್ತೆಯ ಶಾಸನಸಭೆಯಲ್ಲಿ ಕಾನೂನು ಸಿದ್ಧವಾದ ದಿನ. ಆಗ ದಿಲ್ಲಿಯ ಕೋಟೆಯ ಹೊರಗೆ ಫಿರಂಗಿಗಳು ಸಾಲುಗಟ್ಟುತ್ತಿದ್ದವು; ನಗರದ ಮೇಲೆ ಆಂಗ್ಲರ ದಾಳಿ ನಡೆದದ್ದು ಅದೇ ತಿಂಗಳ 14ರಂದು. ಮಂಗಳವಾದ್ಯಕ್ಕೆ ಅದು ಕಾಲವಲ್ಲ. ಕುಲಪತಿ ಗೌರ್ನರ್ ಹ್ಯಾರಿಸ್ ಪ್ರಭು, ಉಪಕುಲಪತಿ ಮುಖ್ಯ ನ್ಯಾಯಾಧೀಶ ಸರ್ ಕ್ರಿಸ್ಟೋಫರ್ ರಾಲಿನ್‌ಸನ್ ಎಂದು ಆರಂಭವಾಗುವ ಪದಾಧಿಕಾರಿಗಳ ಮತ್ತು ಸದಸ್ಯರ ಪಟ್ಟಿಯನ್ನು ಆ ಶಾಸನವೇ ಹೊತ್ತಿತ್ತು. ಕರೆಯಲ್ಪಟ್ಟವರ ಪಟ್ಟಿ ಎಂದು ಯಾವುದನ್ನಾದರೂ ಕರೆಯಬೇಕಾದರೆ ಅದನ್ನೇ ಕರೆಯಬೇಕು. ಸಹಿ ಹಾಕಿದ ಎಪ್ಪತ್ತು ಸಾವಿರ ಜನ ಆ ಪಂಕ್ತಿಯ ಹೊರಗುಳಿದರು. ಅತಿಥಿಗಳನ್ನು ಕೂಡಿಸಲು ವಿಶ್ವವಿದ್ಯಾನಿಲಯಕ್ಕೆ ಸ್ವಂತ ಕಟ್ಟಡವೂ ಇರಲಿಲ್ಲ. ಚಿಸಮ್ ಎಂಬ ಶಿಲ್ಪಿ ಕಡಲತೀರದಲ್ಲಿ ಕಟ್ಟಿದ ಸೆನೆಟ್ ಭವನ ಮುಗಿದದ್ದು 1879ರಲ್ಲಿ. ಲಂಡನ್ ವಿಶ್ವವಿದ್ಯಾನಿಲಯದ ಮಾದರಿಯಂತೆ ಅದು ಪಾಠ ಹೇಳುವ ಸಂಸ್ಥೆಯಾಗಿರದೆ ಪರೀಕ್ಷೆ ನಡೆಸುವ ಸಂಸ್ಥೆಯಾಗಿತ್ತು.

ಆದುದರಿಂದ ಜನಸಾಮಾನ್ಯರಿಗೆ ಬಂದ ಕರೆಯೆಂದರೆ ಪ್ರವೇಶ ಪರೀಕ್ಷೆಯ ಕರೆಯೇ. ಅದೇ ಸೆಪ್ಟೆಂಬರಿನಲ್ಲಿ ನಡೆದ ಮೊದಲ ಪರೀಕ್ಷೆಗೆ ಕುಳಿತವರು 41 ಮಂದಿ, ತೇರ್ಗಡೆಯಾದವರು 36. ಸಾವಿರದ ಏಳುನೂರು ಸಹಿಗಳಿಗೆ ಒಬ್ಬ ಪರೀಕ್ಷಾರ್ಥಿ! ಆಗ ಪಾಲಮಲೆಯ ಕಡೆಯ ಹುಡುಗನೊಬ್ಬ ಈ ಕರೆಗೆ ಓಗೊಡಬೇಕಾಗಿದ್ದರೆ ಹೇಗೆ ಹೋಗಬೇಕಾಗಿತ್ತು? ಇಂದು ಮೇಟ್ಟೂರಿನ ಅಣೆಕಟ್ಟು ನಿಂತಿರುವೆಡೆಯಲ್ಲಿ ಕಾವೇರಿ ಪಾಲಮಲೆಗೂ ಸೀತಾಮಲೆಗೂ ನಡುವೆ ತಡೆಯಿಲ್ಲದೆ ಹರಿಯುತ್ತಿದ್ದ ಕಾಲ ಅದು. ಮದರಾಸಿನಿಂದ 1856ರಲ್ಲಿ ಹೊರಟ ರೈಲು ಆರ್ಕಾಟಿನ ಸೀಮೆಯವರೆಗೆ ಮಾತ್ರ ಬಂದಿತ್ತು. ಸೇಲಮನ್ನು ಹಾದು ಅದು ಪಶ್ಚಿಮ ಕರಾವಳಿಯ ಬೇಪೂರನ್ನು ಮುಟ್ಟುವಷ್ಟರಲ್ಲಿ 1862 ಆಯಿತು. ಅದುವರೆಗೆ ಎತ್ತಿನಗಾಡಿಯೇ ಗತಿ. ವಿಚಿತ್ರವೆಂದರೆ, 1858ರಲ್ಲಿ ಈ ವಿಶ್ವವಿದ್ಯಾನಿಲಯದ ಮೊದಲ ಬಿ.ಎ. ಪದವಿಯನ್ನು ಪಡೆದ ಇಬ್ಬರೂ ಕಡಲಾಚೆಯ ಯಾಳ್ಪಾಣದವರು. ಅವರಲ್ಲಿ ತಾಮೋದರಂ ಪಿಳ್ಳೆಯವರು ಮುಂದೆ ಹಳೆಯ ತಮಿಳು ಗ್ರಂಥಗಳನ್ನು ಓಲೆಗಳಿಂದ ಅಚ್ಚಿಗೆ ತಂದು ತಮ್ಮ ಭಾಷೆಯ ಋಣವನ್ನು ತೀರಿಸಿದರು.

ಕನ್ನಡದ ಪಾಲು ಏನಾಯಿತು? ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1792ರಲ್ಲಿ ಟಿಪ್ಪುವಿನಿಂದ ಬಾರಾಮಹಲು ಆಂಗ್ಲರ ಕೈಸೇರಿದಾಗ ನಮ್ಮ ಸೀಮೆಗೆ ಬಂದ ಅಧಿಕಾರಿಗಳಲ್ಲಿ ಥಾಮಸ್ ಮನ್ರೋ ಒಬ್ಬರು. ಅನಂತರ ಬಳ್ಳಾರಿಯ ಕಡೆಯಲ್ಲಿ ಕೆಲಸ ಮಾಡಿ, ಮದರಾಸಿನ ಗೌರ್ನರರಾಗಿ, 1822ರಲ್ಲಿ ಅವರು ಎಲ್ಲ ಜಿಲ್ಲೆಗಳ ಊರಶಾಲೆಗಳ ಲೆಕ್ಕ ತರಿಸಿದರು. ಒಟ್ಟು 12,498 ಶಾಲೆಗಳು, 1,88,650 ವಿದ್ಯಾರ್ಥಿಗಳು. ಬಳ್ಳಾರಿಯ ಕಲೆಕ್ಟರ್ ಕ್ಯಾಂಬೆಲ್ 1823ರಲ್ಲಿ ಕಳುಹಿಸಿದ ವರದಿಯಂತೂ ಕನ್ನಡಿಗರು ಮರೆಯಬಾರದ ದಾಖಲೆ. ಆ ಜಿಲ್ಲೆಯ 533 ಶಾಲೆಗಳಲ್ಲಿ 235 ಕನ್ನಡ ಶಾಲೆಗಳು, 226 ತೆಲುಗು ಶಾಲೆಗಳು. ಇಂಗ್ಲಿಷ್ ಶಾಲೆ ಒಂದೇ ಒಂದು. ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ನಾಡು ಬಡವಾಗುತ್ತಿರುವುದರಿಂದ ಶಾಲೆಗಳೂ ಕ್ಷೀಣಿಸುತ್ತಿವೆಯೆಂದು ಆ ಅಧಿಕಾರಿಯೇ ಒಪ್ಪಿಕೊಂಡಿದ್ದಾನೆ.

ಹೀಗೆ ಮರಳಿನಿಂದ ಮೇಲೆ ಬಂದ ಅಕ್ಷರಕ್ಕೆ 1857ರ ವಿಶ್ವವಿದ್ಯಾನಿಲಯದಲ್ಲಿ ದೊರೆತ ಸ್ಥಾನ ಪ್ರವೇಶ ಪರೀಕ್ಷೆಯ ಐಚ್ಛಿಕ ಭಾಷೆಗಳಲ್ಲಿ ಒಂದೆಂಬುದು. ಬೀಜಗಣಿತವೂ ಚರಿತ್ರೆಯೂ ಇಂಗ್ಲಿಷಿನಲ್ಲಿ. ಕನ್ನಡ ಒಂದು ಪತ್ರಿಕೆಯಲ್ಲಿ. ಅದು ಅಲ್ಪವೇ ಸರಿ. ಆದರೂ ಆ ಅಲ್ಪವೂ ಇಲ್ಲದಿದ್ದರೆ ಪ್ರೌಢಶಾಲೆಗಳಲ್ಲಿ ಕನ್ನಡ ಪಂಡಿತರಿಗೆ ಒಂದು ಕುರ್ಚಿ ದೊರೆಯುತ್ತಿತ್ತೇ ಎಂದು ನನಗೆ ಸಂದೇಹ.

ಬೆಂಗಳೂರಿನ ಸೆಂಟ್ರಲ್ ಕಾಲೇಜು, ಮೈಸೂರಿನ ಮಹಾರಾಜಾ ಕಾಲೇಜುಗಳೂ ಬಹುಕಾಲ ಮದರಾಸಿನ ಪರೀಕ್ಷೆಗಳಿಗೇ ಅಧೀನವಾಗಿದ್ದವು. ಅಂದಿನ ಸೇಲಂ ಜಿಲ್ಲೆಗೆ ಸೇರಿದ್ದ ಹೊಸೂರು ಸೀಮೆಯ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ರಾಜಗೋಪಾಲಾಚಾರ್ಯರು ಓದಿದ್ದು ಆ ಸೆಂಟ್ರಲ್ ಕಾಲೇಜಿನಲ್ಲಿಯೇ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ಆ ಕಾಲೇಜುಗಳು ಅದಕ್ಕೆ ಸೇರಿದವು. 1918ರ ಮೊದಲ ಘಟಿಕೋತ್ಸವಕ್ಕೆ ಕಲ್ಕತ್ತೆಯಿಂದ ಆಶುತೋಷ ಮುಖರ್ಜಿಯವರು ಆಹ್ವಾನವನ್ನು ಮನ್ನಿಸಿ ಬಂದು ಭಾಷಣ ಮಾಡಿದರು. ಗಡಿಯ ಈಚೆಗಿದ್ದ ನಾವು ಮಾತ್ರ ಮದರಾಸಿನಲ್ಲಿಯೇ ಉಳಿದೆವು. ಸೇಲಂ ನಗರಕ್ಕೆ ತನ್ನದೇ ವಿಶ್ವವಿದ್ಯಾನಿಲಯ ದೊರೆತದ್ದು 1997ರಲ್ಲಿ, ಮನೆಮಾತು ಕನ್ನಡವಾಗಿದ್ದ ಈರೋಡಿನ ಪೆರಿಯಾರರ ಹೆಸರಿನಿಂದ.

ಇಷ್ಟರಲ್ಲಿ ಮದರಾಸು ಕನ್ನಡಕ್ಕೆ ಕೊಡಬೇಕಾಗಿದ್ದ ಉತ್ತರವನ್ನು ನಿಧಾನವಾಗಿ ಕೊಟ್ಟಿತ್ತು. 1927ರಲ್ಲಿ ಏರ್ಪಟ್ಟ ಅದರ ಪ್ರಾಚ್ಯ ಸಂಶೋಧನ ಸಂಸ್ಥೆಯಲ್ಲಿ ಕನ್ನಡಕ್ಕೂ ಒಂದು ವಿಭಾಗ ತೆರೆಯಿತು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ಮಹಾನಿಘಂಟನ್ನು ಆ ವಿಭಾಗದ ಮರಿಯಪ್ಪ ಭಟ್ಟರು ಪರಿಷ್ಕರಿಸಿ, ವಿಸ್ತರಿಸಿ ಸಿದ್ಧಪಡಿಸಿದರು. 1968ರಿಂದ 1971ರವರೆಗೆ ಅದು ನಾಲ್ಕು ಸಂಪುಟಗಳಲ್ಲಿ ಹೊರಬಂದಿತು. ಪ್ರಕಾಶಕರ ಸ್ಥಾನದಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಹೆಸರಿದೆ.