ಎಂಟನೆಯ ಸರ್ವರ್
2012ರ ಆಗಸ್ಟ್ 1ರಂದು ಅಮೆರಿಕದ ಷೇರು ದಲ್ಲಾಳಿ ಸಂಸ್ಥೆ ನೈಟ್ ಕ್ಯಾಪಿಟಲ್ 45 ನಿಮಿಷ ನಡೆಸಿದ ವಹಿವಾಟಿನಿಂದ 46 ಕೋಟಿ ಡಾಲರಿಗೂ ಹೆಚ್ಚು ಕಳೆದುಕೊಂಡಿತು. ಕಳ್ಳರಿಲ್ಲ, ವೈರಸ್ಸೂ ಇಲ್ಲ. ಎಂಟು ಸರ್ವರ್‌ಗಳಿಗೆ ಹೊಸ ಕೋಡ್ ಹಾಕುವಾಗ ತಂತ್ರಜ್ಞರೊಬ್ಬರು ಒಂದನ್ನು ಬಿಟ್ಟಿದ್ದರು. ಇನ್ನೊಬ್ಬರು ಪರಿಶೀಲಿಸಬೇಕೆಂಬ ಲಿಖಿತ ನಿಯಮವಿರಲಿಲ್ಲ. ಆ ಸರ್ವರ್‌ನಲ್ಲಿ, 2003ರಲ್ಲೇ ಬಳಕೆ ನಿಂತಿದ್ದ ಹಳೆಯ ಕೋಡ್ ಎದ್ದು ಕೂತು ಆರ್ಡರ್ ಕಳಿಸುತ್ತಲೇ ಹೋಯಿತು.

ಮಾರುಕಟ್ಟೆ ತೆರೆಯುವ ಮೊದಲೇ ವ್ಯವಸ್ಥೆ ದೋಷ ಸೂಚಿಸಿ 97 ಇಮೇಲ್ ಕಳಿಸಿತ್ತು, ಯಾರೂ ಕಿವಿಗೊಡಲಿಲ್ಲ. ಆಮೇಲೆ ಗಾಬರಿಯಲ್ಲಿ ಸಿಬ್ಬಂದಿ, ಸರಿಯಿದ್ದ ಏಳರಿಂದಲೂ ಹೊಸ ಕೋಡನ್ನು ತೆಗೆದರು. ಉರಿಯುವ ಬೆಂಕಿಗೆ ತುಪ್ಪ!

ಅನೇಕ ಯಂತ್ರಗಳನ್ನು ಏಕರೂಪದಲ್ಲಿಡುವ ಸಿಎಫ್‌ಎಂಜಿನ್ 1993ರಲ್ಲೇ ಓಸ್ಲೋದಲ್ಲಿ ಹುಟ್ಟಿತ್ತು. ಸಲಕರಣೆಗೆ ಬರವಿರಲಿಲ್ಲ. ವ್ಯಾಪಾರವನ್ನು ಯಂತ್ರಕ್ಕೆ ಒಪ್ಪಿಸಿದವರು ಯಂತ್ರದ ಉಸ್ತುವಾರಿಯನ್ನು ಮಾತ್ರ ಒಬ್ಬರ ನೆನಪಿಗೆ ಬಿಟ್ಟಿದ್ದರು. ಡಿಸೆಂಬರಿನಲ್ಲಿ ಸಂಸ್ಥೆ ಗೆಟ್ಕೊ ಜೊತೆ ವಿಲೀನಕ್ಕೆ ಒಪ್ಪಿತು.