ಮೆಡೂಸಾಳ ಮುಖ ತಿದ್ದಿದವರು

ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟರಾಗಿದ್ದವನು ನಾನು. ಯಾವ ಚಿತ್ರ ಸಿಕ್ಕರೂ ಮುಖ ಎತ್ತ ತಿರುಗಿದೆ ಅಂತ ಮೊದಲು ನೋಡುತ್ತೇನೆ. ಪ್ರಾಚೀನ ಗ್ರೀಕರ ಮಡಕೆಗಳ ಮೇಲೆ ದೇವರು, ವೀರರು, ಕುದುರೆಗಳು ಎಲ್ಲರೂ ಸಾಮಾನ್ಯವಾಗಿ ಪಕ್ಕಕ್ಕೆ ತಿರುಗಿದವರೇ. ಹಾವುಗೂದಲಿನ ರಾಕ್ಷಸಿ ಮೆಡೂಸಾ ಮಾತ್ರ ನೆಟ್ಟಗೆ ನಮ್ಮನ್ನು ದಿಟ್ಟಿಸುತ್ತಾಳೆ. ಕಣ್ಣಿಗೆ ಕಣ್ಣು ಕೊಟ್ಟವರನ್ನು ಕಲ್ಲಾಗಿಸುವವಳು ಅತ್ತ ಇತ್ತ ನೋಡಿದರೆ ಆದೀತೆ? ವೈನ್ ಬಟ್ಟಲಿನ ಒಳತಳದಲ್ಲೂ ಅವಳ ಮುಖ ಬರೆಯುತ್ತಿದ್ದರು. ಗಟಗಟ ಕುಡಿದು ಮುಗಿಸಿದವನಿಗೆ ತಳದಿಂದ ನಾಲಿಗೆ ಚಾಚಿದ ದರ್ಶನ!

ಕಾರ್ಫು ದ್ವೀಪದಲ್ಲಿ ಕ್ರಿ.ಪೂ. 580ರ ಸುಮಾರಿಗೆ ಆರ್ಟೆಮಿಸ್ ದೇವಿಗೊಂದು ಗುಡಿ ಕಟ್ಟಿದರು. ಪಶ್ಚಿಮದ ಗೋಡೆಯ ನೆತ್ತಿಯಲ್ಲಿ, ಮಾಡಿನ ತ್ರಿಕೋನದ ನಟ್ಟನಡುವೆ, ಹೆಚ್ಚುಕಡಿಮೆ ಮೂರು ಮೀಟರ್ ಎತ್ತರದ ಸುಣ್ಣಕಲ್ಲಿನ ಮೆಡೂಸಾ. ಅಗಲ ಬಾಯಿ, ಉಬ್ಬಿದ ಕಣ್ಣು, ಸೊಂಟಕ್ಕೆ ಹೆಣೆದುಕೊಂಡ ಎರಡು ಹಾವು, ಓಡುತ್ತಿದ್ದಾಳೆಂದು ತೋರಿಸಲು ಮಡಿಸಿದ ಮೊಣಕಾಲು. ಅಕ್ಕಪಕ್ಕದಲ್ಲಿ ಮಕ್ಕಳು: ರೆಕ್ಕೆಯ ಕುದುರೆ ಪೆಗಾಸಸ್, ಮತ್ತು ಕ್ರೈಸಾವೊರ್. ಕಥೆಯ ಪ್ರಕಾರ ಇವರಿಬ್ಬರೂ ಹುಟ್ಟಿದ್ದು ಅವಳ ತಲೆ ಕಡಿದ ಮೇಲೆ, ಆ ಕೊರಳಿಂದ. ಇಲ್ಲಿ ತಲೆ ಭದ್ರವಾಗಿದೆ. ಅದನ್ನು ಕಡಿದ ವೀರ ಪರ್ಸಿಯಸ್‌ನ ಪತ್ತೆಯೇ ಇಲ್ಲ. ಶಿಲ್ಪಿಗೆ ಅವಳ ಸಾವು ಬೇಕಿರಲಿಲ್ಲ. ಹೊಸ ಮನೆಗೆ ನಾವು ಕಟ್ಟುವ ದೃಷ್ಟಿಬೊಂಬೆಯ ಕೆಲಸ ಅವಳದು. 1911ರಲ್ಲಿ ಮಣ್ಣಿನಿಂದ ಮೇಲೆದ್ದ ಈ ಶಿಲ್ಪ ಜರ್ಮನಿಯ ಚಕ್ರವರ್ತಿ ಎರಡನೇ ವಿಲ್‌ಹೆಲ್ಮ್‌ಗೆ ಎಂಥ ಹುಚ್ಚು ಹಿಡಿಸಿತೆಂದರೆ, ಪಟ್ಟ ಕಳೆದುಕೊಂಡು ಹಾಲೆಂಡಿನಲ್ಲಿದ್ದಾಗಲೂ ಅವನು ಅದರ ಬೆನ್ನು ಬಿಡಲಿಲ್ಲ. 1936ರಲ್ಲಿ ಆ ವಿಷಯಕ್ಕೇ ಪುಸ್ತಕ ಪ್ರಕಟಿಸಿದ.

ಮುಂದೆ ಅವಳ ಮುಖ ತಿದ್ದುತ್ತ ಬಂದರು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಪಾಲಿಗ್ನೋಟಸ್ ಚಿತ್ರಿಸಿದ ಒಂದು ಜಾಡಿಯಿದೆ, ಕ್ರಿ.ಪೂ. 450–440ರದು. ಅದರಲ್ಲಿ ಮೆಡೂಸಾ ಚೆಲುವಾದ ಹುಡುಗಿ, ಕಣ್ಣು ಮುಚ್ಚಿ ಮಲಗಿದ್ದಾಳೆ. ಪರ್ಸಿಯಸ್ ಅತ್ತ ಮುಖ ತಿರುಗಿಸಿ ಕೊರಳಿಗೆ ಕತ್ತಿ ಇಡುತ್ತಿದ್ದಾನೆ. ನೋಡಿದವರಿಗೆ ಅಯ್ಯೋ ಅನಿಸಬೇಕು, ಹಾಗಿದೆ. ಆಮೇಲೆ ರೋಮಿನ ಕವಿ ಓವಿಡ್ ಕಥೆಗೆ ಕಾರಣವನ್ನೂ ಜೋಡಿಸಿದ: ಅವಳನ್ನು ಗುಡಿಯೊಳಗೆ ಕೆಡಿಸಿದ್ದು ಸಮುದ್ರದೇವ, ಕೂದಲು ಹಾವಾಗುವ ಶಿಕ್ಷೆ ಮಾತ್ರ ಅವಳಿಗೆ.

ಫ್ಲಾರೆನ್ಸಿನ ಶಿಲ್ಪಿ ಚೆಲ್ಲೀನಿಗೆ ಇಂಥ ಮರುಕವೇನೂ ಇರಲಿಲ್ಲ. ಊರಿನ ದೊರೆ ಕೋಸಿಮೊ ಮೆಡಿಚಿ 1545ರಲ್ಲಿ ಒಪ್ಪಿಸಿದ ಕಂಚಿನ ಪರ್ಸಿಯಸ್ ಚೌಕದಲ್ಲಿ ಅನಾವರಣಗೊಂಡಿದ್ದು 1554ರಲ್ಲಿ. ಎರಕದ ದಿನದ ಪಾಡನ್ನು ಚೆಲ್ಲೀನಿಯೇ ಆತ್ಮಕಥೆಯಲ್ಲಿ ಬರೆದಿದ್ದಾನೆ: ಮೈಯೆಲ್ಲ ಜ್ವರ, ಕಾರ್ಯಾಗಾರದ ಮಾಡಿಗೆ ಬೆಂಕಿ, ಕುಲುಮೆಯಲ್ಲಿ ಲೋಹ ಗಟ್ಟಿಯಾಗಿ ಕೂತಿದೆ. ಮನೆಯಲ್ಲಿದ್ದ ಸುಮಾರು 200 ತವರದ ತಟ್ಟೆ-ಬಟ್ಟಲುಗಳನ್ನು ತಂದು ಸುರಿದನಂತೆ. ಜಂಬದ ಮನುಷ್ಯ, ಸ್ವಲ್ಪ ಸೋಸಿಯೇ ಓದಬೇಕು. ಆದರೆ ಎರಕ ನಿಜಕ್ಕೂ ಅದ್ಭುತ. ಎತ್ತಿ ಹಿಡಿದ ತಲೆಯಿಂದ ಕಂಚಿನ ರಕ್ತ ಇಳಿಯುತ್ತದೆ. ಕಾಲಡಿಯಲ್ಲಿ ಮುದುಡಿದ ಮುಂಡ. ಚಿತ್ರಕಾರ ಕಾರವಾಜ್ಜೊ 1597ರ ಸುಮಾರಿಗೆ ಉಬ್ಬಿದ ಗುರಾಣಿಯ ಮೇಲೆ ಬರೆದ ಮೆಡೂಸಾಳ ತಲೆ ಇದೇ ಊರಿನ ಉಫಿತ್ಸಿ ಗ್ಯಾಲರಿಯಲ್ಲಿದೆ. ಉಬ್ಬಿನ ಮೇಲೆ ಮುಖ ಸೊಟ್ಟಗಾಗದಂತೆ ಬರೆಯುವ ಕಷ್ಟ ಕುಂಚ ಹಿಡಿದವರಿಗೇ ಗೊತ್ತು.

ಚೆಲ್ಲೀನಿಗೆ ಉತ್ತರವೆಂಬಂತೆ 2008ರಲ್ಲಿ ಅರ್ಜೆಂಟೀನಾ ಮೂಲದ ಶಿಲ್ಪಿ ಲೂಚಾನೊ ಗರ್ಬಾತಿ ಕಥೆಯನ್ನು ತಿರುಗುಮುರುಗು ಮಾಡಿದ. ಬೆತ್ತಲೆ ನಿಂತ ಮೆಡೂಸಾಳ ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಪರ್ಸಿಯಸ್‌ನ ತಲೆ. 2020ರಲ್ಲಿ ಅದರ ಕಂಚಿನ ಪ್ರತಿಯನ್ನು ನ್ಯೂಯಾರ್ಕಿನಲ್ಲಿ ಕ್ರಿಮಿನಲ್ ಕೋರ್ಟಿನ ಎದುರು ನಿಲ್ಲಿಸಿದರು. ಹೆಂಗಸರ ಮೇಲೆ ಲೈಂಗಿಕ ದೌರ್ಜನ್ಯದ ಆರೋಪ ಹೊತ್ತ ಹಾಲಿವುಡ್ ನಿರ್ಮಾಪಕ ಹಾರ್ವಿ ವೈನ್‌ಸ್ಟೀನ್‌ನ ವಿಚಾರಣೆ ನಡೆದದ್ದು ಅದೇ ಕೋರ್ಟಿನಲ್ಲಿ. ಹಲವು ಹೆಂಗಸರು ಮೆಚ್ಚಿದರು, ಹಲವರು ತಕರಾರು ತೆಗೆದರು. ನನ್ನ ಓಟು ತಕರಾರಿನವರಿಗೆ. ಮೈಕಟ್ಟು ಫ್ಯಾಷನ್ ಪತ್ರಿಕೆಯದ್ದು, ಹೋಗಲಿ. ಕಡಿದದ್ದು ಯಾರ ತಲೆ? ಪರ್ಸಿಯಸ್ ಕೊಂದವನು ಹೌದು, ಆದರೆ ಓವಿಡ್‌ನ ಕಥೆಯಲ್ಲಿ ಅವಳನ್ನು ಕೆಡಿಸಿದವನು ಬೇರೆ. ಕೋರ್ಟಿನೆದುರು ನಿಲ್ಲಿಸುವುದಾದರೆ ಅವಳ ಕೈಯಲ್ಲಿ ಸಮುದ್ರದೇವನ ತಲೆ ಇರಬೇಕಿತ್ತು.