ಟ್ಯಾಕ್ಸ್ ಇಲ್ಲದ ಊರಲ್ಲಿ ಲೆಕ್ಕ ಬರೆಯುವವರು

ಗಲ್ಫಿಗೆ ಹೊರಡುವಾಗ ನಾವೆಲ್ಲ ಊರಲ್ಲಿ ಕೇಳಿಸಿಕೊಂಡ ಮಾತೊಂದಿದೆ: ಅಲ್ಲಿ ಟ್ಯಾಕ್ಸ್ ಇಲ್ಲ. ಸಂಬಳದ ಮಟ್ಟಿಗೆ ಅದು ಇವತ್ತಿಗೂ ನಿಜ. ಆದರೆ ದುಬೈಯ ದೇರಾ, ಕರಾಮಾ ಕಡೆ ಹಳೇ ಕಟ್ಟಡಗಳ ಮೆಟ್ಟಿಲು ಹತ್ತಿದರೆ ಒಂದೇ ಕೋಣೆಯ ಆಫೀಸುಗಳು ಕಾಣುತ್ತವೆ. ಎರಡು ಕಂಪ್ಯೂಟರ್, ಗೋಡೆ ತುಂಬ ಬಾಕ್ಸ್ ಫೈಲು, ಬಾಗಿಲಿಗೆ ‘ಅಕೌಂಟಿಂಗ್, ವ್ಯಾಟ್’ ಎಂಬ ಬೋರ್ಡು. ಈ ಕಸುಬು ಇಷ್ಟು ಬೆಳೆದದ್ದು ತೀರಾ ಇತ್ತೀಚೆಗೆ.

ಲೆಕ್ಕ ಬರೆಯುವವರು ಮೊದಲೂ ಇದ್ದರು. ಕಂಪನಿ ಕಾನೂನು ಆಗಲೂ ಲೆಕ್ಕ ಇಡಿ ಅನ್ನುತ್ತಿತ್ತು. ಆದರೆ ಸಣ್ಣ ಅಂಗಡಿಯಲ್ಲಿ ಕೇಳುವವರು ಯಾರು? ಬ್ಯಾಂಕ್ ಸಾಲ ಬೇಕಾದಾಗಲೋ, ಪಾಲುದಾರರಿಗೆ ಮನಸ್ತಾಪ ಬಂದಾಗಲೋ ಪುಸ್ತಕ ಹೊರಗೆ ಬರುತ್ತಿತ್ತು. ಗ್ರೋಸರಿಯವರ ಲೆಕ್ಕವೆಂದರೆ ಉದ್ರಿ ಪುಸ್ತಕ, ಅಷ್ಟೇ. ಹಗಲು ಬೇರೆ ಕಡೆ ಅಕೌಂಟೆಂಟ್ ಆಗಿದ್ದವರು ರಾತ್ರಿ ಬಂದು ತಿಂಗಳ ಲೆಕ್ಕ ಬರೆದುಕೊಟ್ಟು, ಒಂದು ಚಾಯ್ ಕುಡಿದು ಹೋಗುತ್ತಿದ್ದರು.

2017ರ ಅಕ್ಟೋಬರ್ 1ರಂದು ಯುಎಇಯಲ್ಲಿ ಸಿಗರೇಟು ಮತ್ತು ಎನರ್ಜಿ ಡ್ರಿಂಕ್ ಮೇಲೆ ಶೇ. 100, ಪೆಪ್ಸಿಯಂಥ ಪಾನೀಯದ ಮೇಲೆ ಶೇ. 50 ಅಬಕಾರಿ ತೆರಿಗೆ ಬಂತು. 2018ರ ಜನವರಿ 1ಕ್ಕೆ ಶೇ. 5 ವ್ಯಾಟ್. ಅದೇ ದಿನ ಸೌದಿಯಲ್ಲೂ. 2019ರಲ್ಲಿ ಬಹರೇನ್, 2021ರಲ್ಲಿ ಒಮಾನ್. ಯುಎಇಯಲ್ಲಿ ವರ್ಷಕ್ಕೆ 3,75,000 ದಿರ್ಹಮ್ ವಹಿವಾಟು ದಾಟಿದರೆ ನೋಂದಣಿ ಕಡ್ಡಾಯ. ದೊಡ್ಡ ಮೊತ್ತ ಅನ್ನಿಸುತ್ತದೆ, ಅಲ್ವಾ? ದಿನಕ್ಕೆ ಸುಮಾರು 1,030 ದಿರ್ಹಮ್ ಗಲ್ಲಾಕ್ಕೆ ಬಿದ್ದರೆ ಸಾಕು. ನಾವು ಪರೋಟ ತಿನ್ನುವ ಕೆಫೆಟೇರಿಯಾವೂ ಅದರೊಳಗೆ ಬರುತ್ತದೆ.

ಸಣ್ಣವರನ್ನು ಹೆದರಿಸಿದ್ದು ಶೇ. 5 ಅಲ್ಲ, ದಂಡ. ನೋಂದಣಿ ತಡವಾದರೆ 20,000 ದಿರ್ಹಮ್. 2021ರಲ್ಲಿ ಅದು 10,000ಕ್ಕೆ ಇಳಿಯಿತು. ರಿಟರ್ನ್ ತಡವಾದರೆ 1,000, ಎರಡು ವರ್ಷದೊಳಗೆ ಮತ್ತೆ ತಡವಾದರೆ 2,000. ಬಿಲ್ಲುಗಳನ್ನು ಐದು ವರ್ಷ ಕಾಪಾಡಬೇಕು. ರಾತ್ರಿ ಬಂದು ಹೋಗುವವರಿಂದ ಆಗುವ ಕೆಲಸವಲ್ಲ ಅದು. ಲೈಸೆನ್ಸ್ ಮಾಡಿಸಿಕೊಂಡು, ತಿಂಗಳಿಗೆ ಇಷ್ಟು ಅಂತ ಹತ್ತಾರು ಅಂಗಡಿಗಳ ಪುಸ್ತಕ ನೋಡುವ ಆಫೀಸುಗಳಿಗೆ ಹೀಗೆ ಕೆಲಸ ಸಿಕ್ಕಿತು.

ಇಲ್ಲಿ ನಮ್ಮವರಿಗೆ ಒಂದು ಅನುಕೂಲವಿತ್ತು. ಕರ್ನಾಟಕದಲ್ಲಿ ವ್ಯಾಟ್ ಬಂದದ್ದು 2005ರ ಏಪ್ರಿಲ್ 1ಕ್ಕೆ. ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ಮಾರಾಟದ ತೆರಿಗೆಯಲ್ಲಿ ಕಳೆಯುವ ಲೆಕ್ಕ ಊರಲ್ಲಿ ಕೆಲಸ ಮಾಡಿ ಬಂದವರಿಗೆ ಹೊಸದಲ್ಲ. 1986ರಲ್ಲಿ ಗೋಯೆಂಕಾ ತಂದೆ-ಮಗ ಶುರುಮಾಡಿದ, ಈಗ ಬೆಂಗಳೂರನ್ನೇ ಕೇಂದ್ರವಾಗಿಸಿಕೊಂಡ ಟ್ಯಾಲಿ ಇಲ್ಲಿನ ಅಂಗಡಿಗಳಲ್ಲೂ ಓಡುತ್ತಿತ್ತು. ಬಿಕಾಂ ಜೊತೆ ಟ್ಯಾಲಿ ಕಲಿತು ವಿಮಾನ ಹತ್ತಿದ ಹುಡುಗ ಹುಡುಗಿಯರಿಗೆ ಆ ಪರಿಚಯ ಅನ್ನ ಕೊಟ್ಟಿತು.

ಆದರೂ ಒಂದು ಮಾತು ಹೇಳಲೇಬೇಕು. ಪುಸ್ತಕ ಬರೆದವರು ಯಾರೇ ಇರಲಿ, ತೆರಿಗೆ ಇಲಾಖೆಯ ದಂಡ ಬೀಳುವುದು ಅಂಗಡಿಯ ಹೆಸರಿಗೆ. ಇಲಾಖೆಯಲ್ಲಿ ನೋಂದಾಯಿತರಾದ ಟ್ಯಾಕ್ಸ್ ಏಜೆಂಟರೇ ಬೇರೆ, ಲೆಕ್ಕ ಬರೆಯುವವರೇ ಬೇರೆ. ಬೋರ್ಡು ನೋಡಿ ಇದು ತಿಳಿಯುವುದಿಲ್ಲ. ಪಾಸ್‌ವರ್ಡನ್ನೂ ಫೋನ್ ನಂಬರನ್ನೂ ಆಫೀಸಿನವರ ಕೈಗೇ ಬಿಟ್ಟ ಮಾಲೀಕರಿಗೆ ನೋಟೀಸು ಬಂದದ್ದೇ ಗೊತ್ತಾಗದೆ ಹೋಗಬಹುದು. ಅಂಗಡಿ ಮುಚ್ಚಿದರೆ ಅಲ್ಲಿ ದುಡಿಯುವ ಹುಡುಗರ ವೀಸಾವೂ ಹೋಗುತ್ತದೆ.

2023ರ ಜೂನ್ 1ರ ನಂತರ ಆರಂಭವಾಗುವ ಹಣಕಾಸು ವರ್ಷಗಳಿಗೆ 3,75,000 ದಿರ್ಹಮ್ ಮೀರಿದ ಲಾಭದ ಮೇಲೆ ಶೇ. 9 ಕಾರ್ಪೊರೇಟ್ ತೆರಿಗೆಯೂ ಬಂತು. ವಹಿವಾಟು 30 ಲಕ್ಷ ದಿರ್ಹಮ್ ಮೀರದ ಸಣ್ಣವರಿಗೆ 2026ರ ಡಿಸೆಂಬರ್ 31ರೊಳಗೆ ಮುಗಿಯುವ ವರ್ಷಗಳವರೆಗೆ ರಿಯಾಯಿತಿ ಇದೆ. ಅದು ತಾನಾಗಿ ಸಿಗುವುದಿಲ್ಲ. ನೋಂದಣಿ ಮಾಡಿಸಿ, ರಿಟರ್ನಿನಲ್ಲಿ ಬೇಕೆಂದು ಕೇಳಬೇಕು.